ಮಾಯವ್ವನಿಗೂ ಹೇಳದ ಸುದ್ದಿ

ಕೌಜಲಗಿಯ ಲಗಮವ್ವ ಸಂತೆಯಿಂದ ಮಾವಿನಕಾಯಿ ತಂದಳು. ಸೆರಗಿನಲ್ಲಿ ಮುಚ್ಚಿಕೊಂಡು ಬಂದರೂ ಬಾಜೂ ಮನೆಯ ಮಾಯವ್ವನ ಕಣ್ಣಿಗೆ ಬಿದ್ದೇ ಬಿಟ್ಟಿತು.

“ಏನ ಲಗಮಕ್ಕಾ, ಹುಳಿ ಮಾವಿನಕಾಯಿ! ಯಾರಿಗೆ ಬಯಕಿ?”

“ನನಗಽ,” ಎಂದಳು ಲಗಮವ್ವ.

“ಈ ವಯಸ್ಸಿನ್ಯಾಗ? ಹಂಗಾರ ನಿನ್ನ ಕುಬಸ ಯಾವಾಗವ್ವಾ?”

ಲಗಮವ್ವ ನಗುತ್ತ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ಬಯಕೆ ಸೊಸೆ ವಿಜಯಶ್ರೀಯದು. ಮೂರನೇ ತಿಂಗಳು. ಐದನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡುವವರೆಗೆ ಬಸಿರಿನ ಸುದ್ದಿ ಹೊರಗೆ ಹೇಳಬಾರದೆಂಬುದು ಆ ಮನೆಯ ರೂಢಿ. ಈ ಸಲ ಸೊಸೆಯೂ ಅದನ್ನೇ ಬೇಡಿಕೊಂಡಿದ್ದಳು. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಆಗ ಸುದ್ದಿ ಹೇಗೋ ಹೊರಬಿದ್ದು ಓಣಿಯೆಲ್ಲ ಸಮಾಧಾನ ಹೇಳಲು ಬಂದಿತ್ತು.

“ಅತ್ತೀ, ಬಂದವರಿಗೆಲ್ಲ ಚಾ ಮಾಡಿ ಕೊಟ್ಕೋತ ನಿಂತಿದ್ನಿ. ಅಳಾಕೂ ಪುರಸೊತ್ತ ಸಿಗಲಿಲ್ಲ. ಈ ಸಲ ಯಾರಿಗೂ ಗೊತ್ತಾಗೋದು ಬ್ಯಾಡ್ರಿ,” ಎಂದು ಅತ್ತೆಯ ಕೈ ಹಿಡಿದಿದ್ದಳು.

ಅಂದು ಮಗ ಮಹಾಂತೇಶ ಪಡಸಾಲೆಯಲ್ಲಿ ಫೋನು ಹಿಡಿದು ಕುಳಿತಿದ್ದ. ಬೆಳಗಾವಿಯ ದೊಡ್ಡ ಡಾಕ್ಟರಿಗೆ ಒಮ್ಮೆ ತೋರಿಸಿರಿ ಎಂದು ಗೋಕಾಕದ ಡಾಕ್ಟರು ಹೇಳಿದ್ದರು. ಬೆಳಗಾವಿಯ ದವಾಖಾನೆಯ ಜಾಲತಾಣದಲ್ಲಿ ಹಳೆಯ ರಿಪೋರ್ಟುಗಳನ್ನು ಮೊದಲೇ ಕಳಿಸಬೇಕಿತ್ತು. ಆದರೆ ಮಹಾಂತೇಶ ತೆಗೆದ ಫೋಟೊಗಳೆಲ್ಲ ಸೇರಿ ಫೈಲು ಬಹಳ ದೊಡ್ಡದಾಗಿ ಅಲ್ಲಿ ಹೋಗುತ್ತಿರಲಿಲ್ಲ. ಅದನ್ನು ಸಣ್ಣದು ಮಾಡುವ ದಾರಿ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಒಂದು ಸೈಟು ಬಂತು.

“ಅವ್ವಾ, ಒಂದ್ ನಿಮಿಷದ ಕೆಲಸ. ಇದರಾಗ ಹಾಕಿದ್ರ ಅವರಽ ಸಣ್ಣದು ಮಾಡಿ ಕೊಡ್ತಾರ. ಪುಕ್ಕಟೆ!”

ಮಾವಿನಕಾಯಿ ಹೆಚ್ಚುತ್ತಿದ್ದ ಲಗಮವ್ವ ತಲೆಯೆತ್ತಿದಳು. “ಅವರು ಅಂದ್ರ ಯಾರೋ? ದವಾಖಾನಿಯವರಾ?”

“ಅಲ್ಲ. ಬ್ಯಾರೆ ಯಾರೋ.”

“ನಿನಗ ಗುರ್ತಿನವರಾ?”

“ಅಯ್ಯ, ಸೈಟ್ ಅವ್ವಾ ಅದು! ಅದಕ್ಕೆಲ್ಲಿ ಗುರ್ತು?”

“ನೀ ಹುಟ್ಟಿದಾಗ ಬಾಣಂತನದಾಗ ನನಗ ನೀರ ಹಾಕಿದಾಕಿ ಮಾಯವ್ವ. ಆಕಿಗೇ ಸುಳ್ಳು ಹೇಳಿ ಬಂದೇನಿ. ನೀ ನೋಡಿದ್ರ ಗುರ್ತಿಲ್ಲದವರ ಕೈಯಾಗ ಎಲ್ಲಾ ಕೊಡಾಕ ಕುಂತಿ.”

“ಲೋಕದಾಗ ಇಷ್ಟು ಮಂದಿ ಅದಾರ. ನಮ್ಮ ರಿಪೋರ್ಟ್ ಯಾರ ಓದ್ತಾರ?” ಎಂದು ಮಹಾಂತೇಶ ನಕ್ಕ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತ ವಿಜಯಶ್ರೀ ಕಂಡಳು. ಆ ಮುಖ ನೋಡಿ ಅವನ ಬೆರಳು ತಡೆಯಿತು.

“ತಡಿ, ನಂದಕ್ಕನ್ನ ಕೇಳ್ತೀನಿ,” ಎಂದ.

ನಂದಾ ಅವನ ಅಕ್ಕ. ನಿಡಸೋಸಿಯಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಮನೆಯ ಸುದ್ದಿ ಅವಳಿಗೆ ಗೊತ್ತಿತ್ತು. ಮಹಾಂತೇಶ ಫೋನು ಹಚ್ಚಿ ಸೈಟಿನ ವಿಷಯ ಹೇಳಿದ.

“ದನಿ ಸಣ್ಣದು ಮಾಡೋ, ಮಾಯವ್ವ ಕೇಳ್ಯಾಳು,” ಎಂದು ಲಗಮವ್ವ ಫೋನಿನ ಹತ್ತಿರ ಸರಿದಳು.

“ಅದರಾಗ ಹಾಕಿಬಿಟ್ಟೀಯೇನೋ?” ನಂದಾ ಕೇಳಿದಳು.

“ಇಲ್ಲಕ್ಕಾ.”

“ಸದ್ಯ! ಬಹಳಷ್ಟು ಸೈಟಿನ್ಯಾಗ ಫೈಲ್ ಸಣ್ಣದಾಗೋದು ನಿನ್ನ ಫೋನಿನ್ಯಾಗಲ್ಲ, ತಮ್ಮಾ. ಮೊದಲು ಅವರ ಕಂಪ್ಯೂಟರಿಗೆ ಹೋಗತೈತಿ. ತಾಸಿನ್ಯಾಗ ಅಳಸ್ತೇವಿ ಅಂತ ಬರದಿರ್ತಾರ. ಖರೇನ ಅಳಸೂಬಹುದು. ಆದ್ರ ನೋಡಿದವರ್ಯಾರು?”

“ಇಟ್ಕೊಂಡು ಏನ್ ಮಾಡ್ತಾರಕ್ಕಾ?”

“ಆ ಹಾಳಿ ಮ್ಯಾಲ ಏನೈತಿ, ಒಮ್ಮಿ ಓದು.”

ಮಹಾಂತೇಶ ಓದತೊಡಗಿದ. ಹೆಂಡತಿಯ ಹೆಸರು, ವಯಸ್ಸು, ಊರು, ಫೋನ್ ನಂಬರು. ಆಮೇಲೆ, “ಹಿಂದಿನ ಎರಡು…” ಎಂದವನೇ ನಿಂತ. ವಿಜಯಶ್ರೀ ಬಂದು ಪಕ್ಕದಲ್ಲಿ ಕುಳಿತಳು.

“ಇಷ್ಟು ಸಿಕ್ರ ದವಾಖಾನಿಯಿಂದ ಮಾತಾಡಾಕತ್ತೇವಿ ಅಂತ ಫೋನ್ ಮಾಡ್ತಾರ,” ಎಂದಳು ನಂದಾ. “ಹೆಸರು, ತಿಂಗಳು ಎಲ್ಲಾ ಬರೋಬ್ಬರಿ ಹೇಳಿದ್ರ ನೀ ನಂಬ್ತಿ. ಓಟಿಪಿ ಕೇಳಿದ್ರೂ ಕೊಟ್ಟೀ. ಕೆಲವು ಖೊಟ್ಟಿ ಸೈಟ್ ಅಂತೂ ಫೈಲಿನ ಜೋಡಿ ಫೋನ್ ಕೆಡಸೋ ಆ್ಯಪನೂ ಇಳಸ್ತಾವ.”

“ಮತ್ತ ಡಾಕ್ಟರಿಗೆ ಹೆಂಗ ಕಳಸಲಿ?”

“ನಿನ್ನ ಫೋನಿನ್ಯಾಗಽ ಸ್ಕ್ಯಾನ್ ಮಾಡೋದು ಇರತೈತಿ. ನೆಟ್ ಬಂದ್ ಮಾಡಿ, ಕಪ್ಪು-ಬಿಳುಪು ಇಟ್ಟು ತಗಿ. ಡಾಕ್ಟರು ಕೇಳಿದ ಹಾಳಿ ಅಷ್ಟಽ ತಗಿ. ಅಂಚು ಕತ್ತರಸು. ನನಗ ಗೊತ್ತು, ನಿನ್ನ ಫೋಟೊದಾಗ ರಿಪೋರ್ಟಿಗಿಂತ ಕೆಳಗಿನ ಚಾದರಽ ಜಾಸ್ತಿ ಬಂದಿರತೈತಿ! ಆದ್ರೂ ದೊಡ್ಡದಾದ್ರ ದವಾಖಾನಿಗೆ ಫೋನ್ ಮಾಡಿ, ಬರೋವಾಗ ಕಾಗದ ಕೈಯಾಗ ತರ್ತೇವ್ರಿ ಅನ್ನು.”

ವಿಜಯಶ್ರೀ ಬಾಗಿಲ ಬೆಳಕಿನಲ್ಲಿ ಹಾಳೆ ಹರವಿ ತುದಿ ಹಿಡಿದಳು. ಮಹಾಂತೇಶ ಒಂದೊಂದೇ ಸ್ಕ್ಯಾನ್ ಮಾಡಿದ. ಒಂದು ನಿಮಿಷದಲ್ಲಿ ಆಗಲಿಲ್ಲ, ತುಸು ಹೊತ್ತು ಹಿಡಿಯಿತು. ಆದರೆ ಫೈಲು ಸಣ್ಣದಾಯಿತು. ನೆಟ್ ಹಚ್ಚಿ ದವಾಖಾನೆಗೆ ಕಳಿಸಿದ.

“ಹೋತೇನ್ರಿ?” ವಿಜಯಶ್ರೀ ಕೇಳಿದಳು.

“ಹೋತು. ದವಾಖಾನಿಗೆ ಅಷ್ಟಽ.”

ಅವಳು ಮಾವಿನಕಾಯಿಯ ಹೋಳಿಗೆ ಕೈಚಾಚಿದಳು.

ಬೆಳಗಾವಿಯ ಡಾಕ್ಟರು ನೋಡಿ ಔಷಧ ಕೊಟ್ಟರು. ಐದನೇ ತಿಂಗಳು ಬಂತು. ಕುಂಕುಮ ಹಿಡಿದು ಮಾಯವ್ವನ ಮನೆಗೆ ಹೋದವಳು ವಿಜಯಶ್ರೀಯೇ.

“ಕಾಕೂ, ನಮ್ಮನಿಗೆ ಕುಬಸಕ್ಕ ಬರ್ರಿ.”

“ಯಾರದವ್ವಾ, ನಿಮ್ಮತ್ತಿದಾ?” ಎಂದು ನಕ್ಕ ಮಾಯವ್ವ ಅವಳ ಗಲ್ಲ ಸವರಿದಳು. “ಮಾವಿನಕಾಯಿ ತಂದ ದಿನಾನ ನನಗ ಗೊತ್ತಾಗಿತ್ತು, ಮಗಳ. ನೀನಽ ಬಂದು ಹೇಳ್ಲಿ ಅಂತ ಸುಮ್ಮ ಇದ್ನಿ.”

ಅಕ್ಕಂದಿರೇ, ಅಣ್ಣಂದಿರೇ, ಮಾಯವ್ವ ಗುಟ್ಟು ಕಾದಳು. ಗುರುತಿಲ್ಲದ ಸೈಟು ಹಾಗೆ ಕಾಯುತ್ತದೆಂದು ಯಾರೂ ಭರವಸೆ ಕೊಡಲಾರರು. ಎಲ್ಲ ಸೈಟುಗಳೂ ಕೆಟ್ಟವು ಎಂದರೆ ತಪ್ಪಾದೀತು. ಆದರೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಹೊರಗಿನಿಂದ ತಿಳಿಯುವುದು ಕಷ್ಟ. ಅದಕ್ಕೇ ದವಾಖಾನೆಯ ರಿಪೋರ್ಟು, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು, ಹೊಲದ ಕಾಗದಗಳನ್ನು ಅಲ್ಲಿ ಹಾಕಬೇಡಿ. ಈಗಾಗಲೇ ಹಾಕಿದ್ದರೆ ಹೆದರಬೇಡಿ. ಅಳಿಸುವ ಗುಂಡಿ ಇದ್ದರೆ ಈಗಲೇ ಒತ್ತಿ. ಯಾರು ಕೇಳಿದರೂ ಓಟಿಪಿ ಹೇಳಬೇಡಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮುಂದಿನ ಸಲ ಫೈಲು ದೊಡ್ಡದಾದಾಗ, ಬೆರಳು ಒತ್ತುವ ಮೊದಲು ಲಗಮವ್ವನಂತೆ ಒಮ್ಮೆ ಕೇಳಿ: “ಅವರು ಅಂದ್ರ ಯಾರು?”