ಏಳನೇ ನಂಬರಿನ ಜಾಕೆಟ್ಟು

ಹನ್ನೊಂದರ ಕಾರ್ಯ ಮುಗಿದ ಮರುದಿನ ದುದ್ದದ ಆ ಮನೆಯಲ್ಲಿ ಎಂದಿನಂತೆ ಹಾಲು ಕರೆದರು. ಶಾಮಿಯಾನ ಬಿಚ್ಚಿಯಾಗಿತ್ತು, ನೆಂಟರು ಹೊರಟುಹೋಗಿದ್ದರು. ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟ ಲಕ್ಕಮ್ಮ, ಬಾಗಿಲಲ್ಲಿ ಸೊಸೆ ಅನುಶ್ರೀ ನಿಂತಿದ್ದನ್ನು ಕಂಡು ಹಿಂದಕ್ಕೆ ತಿರುಗಿ ಹಿತ್ತಲ ಕಡೆಯಿಂದ ಹೋದರು. ಅನುಶ್ರೀಗೆ ಏನೂ ಅನ್ನಿಸಲಿಲ್ಲ. ಅನ್ನಿಸುವುದು ನಿಂತು ಹನ್ನೊಂದು ದಿನವಾಗಿತ್ತು.

ಅವಳು ಕಾರಿನ ಡಿಕ್ಕಿ ತೆರೆದಳು. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ಗಂಡ ಶಶಿಕುಮಾರ ಎಸೆದಲ್ಲೇ ಬಿದ್ದಿತ್ತು. ಬೆನ್ನಿನ ಮೇಲೆ ಪೇಂಟಿನಲ್ಲಿ ಏಳು ಎಂದು ಬರೆದಿತ್ತು. ಹೊಳೆನರಸೀಪುರದಲ್ಲಿ ತೆಪ್ಪ ಹಾಕುವ ಶಿವಯ್ಯನದು ಅದು.

ದೇಣಿಗೆ ಎತ್ತಿ ಬಡವರಿಗೊಂದು ಡಯಾಲಿಸಿಸ್ ಯಂತ್ರ ಕೊಡಿಸಬೇಕೆಂದು ಅವಳ ಗಂಡ ಗೊರೂರಿನಿಂದ ಕಯಾಕ್ ಎಂಬ ಪುಟ್ಟ ದೋಣಿಯಲ್ಲಿ ಒಬ್ಬನೇ ಹೊರಟಿದ್ದ, ಹೇಮಾವತಿ ಕಾವೇರಿಯನ್ನು ಸೇರುವ ತನಕ. ದೇಣಿಗೆ ಕೊಟ್ಟವರ ಹೆಸರುಗಳೆಲ್ಲ ಅವನ ಟೀ ಶರ್ಟಿನ ಎದೆಯ ಮೇಲಿದ್ದವು. ಎಲ್ಲಕ್ಕೂ ಮೇಲೆ, ದಪ್ಪಕ್ಷರದಲ್ಲಿ, ಅಪ್ಪ ಚನ್ನಪ್ಪನ ಹೆಸರು. ಎರಡನೇ ದಿನ ದಾರಿ ತೋರಿಸಲು ಗೊತ್ತುಮಾಡಿದ್ದ ಶಿವಯ್ಯ, ಅವನ ಜಾಕೆಟ್ಟು ಹರಿದದ್ದನ್ನು ನೋಡಿ ತನ್ನದನ್ನು ಕೊಟ್ಟ. ಹಳೇ ಅಣೆಕಟ್ಟೆ ಸಿಕ್ಕಾಗ ಕೆಳಗಿಳಿದು ದಡದ ಮೇಲೆ ನಡೆಯಬೇಕೆಂದು ಎರಡೆರಡು ಸಲ ಹೇಳಿ, ಮುಂದಿನ ಕಡವಿನಲ್ಲಿ ಕಾಯಲು ಹೋದ.

ದಡದಲ್ಲಿ ಕಾರು ನಿಲ್ಲಿಸಿಕೊಂಡಿದ್ದ ಅನುಶ್ರೀ, ಅವನು ನೀರಿಗಿಳಿಯುವ ಮುಂಚೆ, ಮಾವನಿಗೆ ವಿಡಿಯೋ ಕಾಲ್ ಮಾಡಿ ಗಂಡನನ್ನು ತೋರಿಸಿದಳು.

"ಹೆಸ್ರೇ ಕಾಣಕಿಲ್ವಲ್ಲವ್ವ," ಅಂದರು ಮಾವ. "ಅದೇನ್ ತಗಲಾಕ್ಕಂಡವ್ನೆ, ಬಿಚ್ಚಾಕು ಅನ್ನು."

ಅವಳು ಅಂದಳು. ಅವನು ನಗುತ್ತ ಬಿಚ್ಚಿ ಡಿಕ್ಕಿಗೆ ಎಸೆದ. ಅಣೆಕಟ್ಟೆಯಲ್ಲಿ ಇಳಿಯಲೂ ಇಲ್ಲ. ಹೊಳೆ ಅವನ ಹೆಣವನ್ನು ಮಾರನೇ ದಿನ ಕೊಟ್ಟಿತು.

ಅಂದಿನಿಂದ ಮನೆಯಲ್ಲಿ ಒಂದೇ ಮಾತು. ತೆಪ್ಪದವನು ಜಾಕೆಟ್ಟು ಕೊಡದೆ ನೀರಿಗೆ ಕಳಿಸಿ ಕೊಂದ. ನಾಲ್ಕನೇ ದಿನ ಕೆಲವರು ಹೋಗಿ ಶಿವಯ್ಯನ ತೆಪ್ಪವನ್ನು ಕೊಡಲಿಯಲ್ಲಿ ಕೊಚ್ಚಿ ಬಂದರು. ಅನುಶ್ರೀ ಅದನ್ನೂ ಗೋಡೆಗೊರಗಿ ಕೇಳಿಸಿಕೊಂಡಿದ್ದಳು. ಇವತ್ತು ಮಾವ ಹೊಳೆನರಸೀಪುರದ ಠಾಣೆಯಲ್ಲಿ ಅವನ ಮೇಲೆ ದೂರು ಬರೆಸುವುದಿತ್ತು.

ಬಿಳಿ ಅಂಗಿ ತೊಟ್ಟು ಹೊರಗೆ ಬಂದ ಚನ್ನಪ್ಪ ಅವಳ ಕೈಯಲ್ಲಿದ್ದುದನ್ನು ನೋಡಿ ನಿಂತರು. ಒಲೆಗೆ ಹಾಕು ಅಂದರು. ಅದು ಶಿವಯ್ಯನದು ಅಂದಳು ಅವಳು.

"ಗಂಡನ್ನ ತಿಂದ್ಕಂಡೆ, ಈಗ ಮಾನನೂ ತಿಂತೀಯಾ? ಅದು ಈ ಹಟ್ಟಿ ದಾಟುದ್ರೆ ನೀನೂ ತಿರುಗಿ ಬರಂಗಿಲ್ಲ ಕಣವ್ವ."

ಕಾರಿನ ಕೀಲಿ ಕಿತ್ತುಕೊಂಡು ಅವರು ಹೊರಟರು. ಅವಳು ಹಾಸನಕ್ಕೆ ಹೋಗಿ ಬಸ್ಸು ಬದಲಿಸಿದಳು. ಹೊಳೆನರಸೀಪುರದವರೆಗೂ ಜಾಕೆಟ್ಟು ಮಡಿಲಲ್ಲೇ ಇತ್ತು. ಪಕ್ಕದಲ್ಲಿ ಕೂತ ಹೆಂಗಸು ಅದನ್ನೂ ಅವಳ ಬಳೆಯಿಲ್ಲದ ಕೈಯನ್ನೂ ನೋಡಿ, ಎದ್ದು ಬೇರೆ ಸೀಟಿಗೆ ಹೋದಳು.

ಠಾಣೆಯಲ್ಲಿ ಚನ್ನಪ್ಪ ಕುರ್ಚಿಯ ಮೇಲಿದ್ದರು. ಶಿವಯ್ಯ ಚಪ್ಪಲಿ ಹೊರಗೆ ಬಿಟ್ಟು ಗೋಡೆ ಪಕ್ಕ ನಿಂತಿದ್ದ. ಅನುಶ್ರೀ ಯಾರನ್ನೂ ಕೇಳದೆ ನೇರ ಹೋಗಿ ಜಾಕೆಟ್ಟನ್ನು ಅವನ ಕೈಗಿಟ್ಟಳು.

"ಅವರು ನಿಮ್ಮ ಹತ್ರ ಇಸ್ಕೊಂಡಿದ್ದು. ತಗೊಳ್ಳಿ."

ಶಿವಯ್ಯ ಅದನ್ನು ಹಿಂದೆ ಮುಂದೆ ತಿರುಗಿಸಿದ. ಒಳಗಿನ ಸ್ಪಂಜನ್ನು ಒತ್ತಿದ, ಮೂಸಿದ.

"ನೀರೇ ಸೋಕಿಲ್ಲ. ಬಿಚ್ಸಿದ್ ಯಾರು?"

ಬರೆಯುತ್ತಿದ್ದ ಪೇದೆಯ ಪೆನ್ನು ನಿಂತಿತು. ಮಾವ ಕೆಮ್ಮಿದರು.

"ಮಾವ ಹೇಳಿದ್ರು," ಅಂದಳು. "ನಾನು ಬಿಚ್ಚಿಸಿದೆ."

ಇನ್ಸ್‌ಪೆಕ್ಟರು ಚನ್ನಪ್ಪನ ಮುಂದಿದ್ದ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. ಶಿವಯ್ಯ ಈಗಷ್ಟೇ ಅವಳ ಮುಖ ನೋಡಿದ. ಆ ಕಣ್ಣಿನಲ್ಲಿ ಕರುಣೆಯಿರಲಿಲ್ಲ.

"ನನ್ ತೆಪ್ಪ ಕೊಚ್ಚಾಕುದ್ರಲ್ಲ, ಆಗೆಲ್ಲಿದ್ದೆ ತಾಯಿ?"

ಅವನು ಜಾಕೆಟ್ಟಿನ ಮೂರು ಬಕಲ್ಲುಗಳನ್ನೂ ಒಂದೊಂದಾಗಿ ಹಾಕಿ ನೋಡಿದ. ಮೂರೂ ಸರಿಯಾಗಿದ್ದವು.