ಸಾಲ ನೋಡುವ ಶಾಸ್ತ್ರ

ಕೇಸರಿಬಾತಿನ ನೆತ್ತಿಯ ಮೇಲೆ ಒಂದೇ ಒಂದು ಇಡೀ ಗೋಡಂಬಿ. ನಮ್ಮ ಮನೆಯಲ್ಲಿ ಅದು ಹೆಣ್ಣು ನೋಡಲು ಬಂದವರಿಗೆ ಮಾತ್ರ ಸಲ್ಲುತ್ತಿದ್ದ ಮರ್ಯಾದೆ. ಆ ಗೋಡಂಬಿಯನ್ನು ತಿಂದವರು ಒಪ್ಪಿದರು, ತಟ್ಟೆಯ ಅಂಚಿಗೆ ಸರಿಸಿದವರು ಒಪ್ಪಲಿಲ್ಲ ಎನ್ನುವುದು ಅಜ್ಜಿ ಪುಟ್ಟನಂಜಮ್ಮನ ಸಿದ್ಧಾಂತ. ಅಪ್ಪನ ತಂಗಿ ಸುನಂದತ್ತೆಯನ್ನು ನೋಡಿ ಹೋದವರ ತಟ್ಟೆಗಳನ್ನೆಲ್ಲ ತೊಳೆದು ತೊಳೆದು ಆಕೆ ಕಂಡುಕೊಂಡ ಸತ್ಯ ಅದು. ಎದುರು ಮಾತಾಡುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ನನಗೆ ವ್ಯವಹಾರ ನಿರ್ವಹಣೆಯ ಪದವಿಗೆ ಸೀಟು ಸಿಕ್ಕಿದ ವರ್ಷ ಈ ಸಿದ್ಧಾಂತ ನನ್ನ ಕುತ್ತಿಗೆಗೇ ಬಂತು. ಕಾಲೇಜಿನ ಶುಲ್ಕ ಕೇಳಿ ಅಪ್ಪ ಅರ್ಧ ದಿನ ಅಂಗಡಿಯ ಲೆಕ್ಕದ ಪುಸ್ತಕ ತಿರುವುತ್ತ ಕೂತರು. ಮದುವೆಮನೆಗಳಿಗೆ ಕೊಪ್ಪರಿಗೆ, ಸೌಟು, ಕುರ್ಚಿ ಬಾಡಿಗೆಗೆ ಕೊಡುವ, ಮನೆಗೆ ಅಂಟಿಕೊಂಡ ಅಂಗಡಿ ನಮ್ಮದು. ಕೊನೆಗೆ ಅಪ್ಪ ಬ್ಯಾಂಕಿನಲ್ಲಿ ಸಾಲ ಕೇಳಿದರು.

"ವ್ಯಾಪಾರ ಮಾಡಕ್ಕೆ ಸಾಲ ಮಾಡೋರನ್ನ ಕಂಡಿದೀನಿ. ವ್ಯಾಪಾರ ಕಲಿಯಕ್ಕೇ ಸಾಲ ಮಾಡೋರನ್ನ ಇವತ್ತೇ ನೋಡಿದ್ದು," ಎಂದಳು ಅಜ್ಜಿ.

"ಬ್ಯಾಂಕಿನೋರು ಮನೆ ನೋಡಕ್ಕೆ ಬರ್ತಾರಂತೆ ಕಣವ್ವ," ಎಂದರು ಅಪ್ಪ.

ಅಷ್ಟೇ ಸಾಕಾಯಿತು. ಹೊರಗಿನವರು ಮನೆಗೆ ಬಂದು, ಕೂತು, ಪ್ರಶ್ನೆ ಕೇಳುವ ಸಂದರ್ಭ ಅಜ್ಜಿಗೆ ಗೊತ್ತಿದ್ದುದು ಒಂದೇ. ಅಂಗಡಿಯಿಂದ ಕೈಯಿರುವ ಕುರ್ಚಿ ಬಂತು. ನನಗೆ ಅತ್ತೆಯ ರೇಷ್ಮೆ ಸೀರೆ, ಮುಡಿಗೆ ಮಲ್ಲಿಗೆ. "ಅಜ್ಜಿ, ಅವರು ಸಾಲ ಕೊಡೋರು," ಎಂದೆ. "ಯಾರಾದ್ರೇನು, ತಲೆ ತಗ್ಗಿಸಿ ನಡಿ," ಎಂದಳು.

ಬಂದವರ ಹೆಸರು ತಿಪ್ಪೇಶ್. ಕಿವಿಯ ಬಳಿ ನರೆತ ಕೂದಲು, ಕಂಕುಳಲ್ಲಿ ಚೀಲ. ನಾನು ಸೀರೆಯುಟ್ಟು ತಟ್ಟೆ ಹಿಡಿದು ಬಂದಾಗ ಪಾಪ, ಅವರು ಕುರ್ಚಿಯಿಂದ ಅರ್ಧ ಎದ್ದೇ ಬಿಟ್ಟರು. ತಪ್ಪು ಮನೆಗೆ ಬಂದೆನೇನೋ ಎಂದು ಬಾಗಿಲ ಕಡೆಗೂ ನೋಡಿದರು.

"ಓದು ಮುಗಿದ ಮೇಲೆ ಎಷ್ಟು ಸಂಬಳ ಬರಬಹುದು ಅಂದ್ಕೊಂಡಿದೀರಿ?" ಎಂದು ಅವರು ಕೇಳಿದ್ದು ನನ್ನನ್ನು. ಬಾಯಿ ಹಾಕಿದ್ದು ಅಜ್ಜಿ.

"ಅದನ್ನ ನೀವೇ ಹೇಳಿ. ನೀವು ಓದಿದ್ದೇನು?"

"ನಾನೂ ಅದೇ ಓದಿದ್ದು. ಅದೇ ಕಾಲೇಜು."

"ಸಾಲ ಮಾಡಿ?"

"ಹೂಂ."

"ತೀರ್ತಾ?"

ತಿಪ್ಪೇಶ್ ಕೇಸರಿಬಾತನ್ನು ಚಮಚದಲ್ಲಿ ಆಚೀಚೆ ಮಾಡಿದರು. "ಇನ್ನೆರಡು ವರ್ಷ ಇದೆ ಅಮ್ಮ. ಅರ್ಧ ಸಂಬಳ ಅಲ್ಲಿಗೇ ಹೋಗತ್ತೆ."

ಅಜ್ಜಿ ಅಪ್ಪನ ಕಡೆ ತಿರುಗಿದಳು. "ಕೇಳಿದ್ಯಾ? ಸಾಲ ಮಾಡಿ ಓದಿ, ಸಾಲ ಕೊಡೋ ಕೆಲಸಕ್ಕೆ ಸೇರಿ, ಬಂದಿದ್ದು ಸಾಲಕ್ಕೆ ಕಟ್ಟೋದು. ಎತ್ತು ಗಾಣ ಸುತ್ತಿದ ಹಾಗಾಯ್ತು."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ತಿಪ್ಪೇಶ್ ನಕ್ಕರು.

"ಲೆಕ್ಕಕ್ಕೆ ನೀವು ಹೇಳೋದು ಸರಿ ಅಮ್ಮ. ಆದ್ರೆ ನಮ್ಮಪ್ಪ ಇದೇ ಬ್ಯಾಂಕಿಗೆ ಬಂದ್ರೆ ಗೋಡೆಗೊರಗಿ ನಿಂತೇ ಇರ್ತಿದ್ರು. ಕೂತ್ಕೊಳ್ಳಿ ಅಂತ ಒಬ್ರೂ ಅಂದಿಲ್ಲ. ಈಗ ನಾನು ಬಂದೋರಿಗೆಲ್ಲ ಮೊದಲು ಆ ಮಾತು ಹೇಳ್ತೀನಿ. ಅದಕ್ಕೆ ಬೆಲೆ ಎಷ್ಟು ಅಂತ ಯಾವ ಲೆಕ್ಕದಲ್ಲಿ ಬರೀಲಿ?"

ಅಜ್ಜಿ ಒಳಗೆ ಹೋಗಿ ಕೇಸರಿಬಾತಿನ ಪಾತ್ರೆ, ಇನ್ನೊಂದು ಗೋಡಂಬಿ ತಂದಳು. ಅವರು ಎರಡನೇ ಸಲವೂ ಕೇಸರಿಬಾತು ಹಾಕಿಸಿಕೊಂಡರು. ಎಲ್ಲವೂ ಕೂಡಿಬಂತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಎದ್ದು, "ಹೋಗಿ ತಿಳಿಸ್ತೀನಿ," ಎಂದು ಕೈಮುಗಿದು ಹೊರಟರು.

ಮನೆ ತಣ್ಣಗಾಯಿತು. 'ಹೋಗಿ ತಿಳಿಸ್ತೀವಿ' ಎಂದವರು ಯಾರೂ ನಮ್ಮ ಮನೆಗೆ ಅಂದಿನವರೆಗೂ ಏನನ್ನೂ ತಿಳಿಸಿರಲಿಲ್ಲ. ಅಜ್ಜಿ ತಟ್ಟೆ ಎತ್ತಿ ನೋಡಿದಳು. ಅಂಚಿನಲ್ಲಿ ಎರಡು ಗೋಡಂಬಿಗಳು ಅಕ್ಕಪಕ್ಕ ಕೂತಿದ್ದವು.

"ಮುಗೀತು," ಎಂದಳು.

"ಬ್ಯಾಂಕಿಗೆ ಹೋಗಿ ಒಂದ್ಮಾತು ಕೇಳ್ಕೊಂಡು ಬರ್ಲಾ?" ಎಂದರು ಅಪ್ಪ.

"ಬೇಡ ಅಂದೋರ ಬಾಗ್ಲಿಗೆ ಹೋಗಿ ನಿಲ್ತೀಯಾ? ನಮ್ಮ ಹುಡುಗಿಗೇನು ಕಮ್ಮಿಯಾಗಿದೆ?"

ಮರುದಿನದಿಂದ ನಾನು ಅಂಗಡಿಯಲ್ಲಿ ಕೂತೆ. ಲೆಕ್ಕ ನನಗೂ ಅರ್ಥವಾಗಿತ್ತು. ಅಜ್ಜಿ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೂ ಓದಬೇಕಿತ್ತು. ದೊಡ್ಡ ಕೊಪ್ಪರಿಗೆಯೊಳಗೆ ತಲೆ ಹಾಕಿ ಉಜ್ಜುವ ನೆಪದಲ್ಲಿ ಅಳುತ್ತಿದ್ದೆ. ಅದರೊಳಗೆ ಅತ್ತರೆ ಊರಿಗೆಲ್ಲ ಕೇಳಿಸುತ್ತದೆಂದು ಆಗ ಗೊತ್ತಿರಲಿಲ್ಲ.

ಕಾಲೇಜಿಗೆ ಸೇರಲು ಇನ್ನೊಂದೇ ದಿನ ಉಳಿದಿತ್ತು. ಬೆಳಿಗ್ಗೆ ತಿಪ್ಪೇಶ್ ಏದುಸಿರು ಬಿಡುತ್ತಾ ಅಂಗಡಿಗೆ ಬಂದು ಅಪ್ಪನ ಮುಂದೆ ನಿಂತರು. "ಏನ್ರೀ, ಸಾಲ ಮಂಜೂರಾಗಿದೆ ಅಂತ ಹೇಳಿ ಕಳಿಸೋಣ ಅಂದ್ರೆ ನಿಮ್ಮ ಮನೆ ಕಡೆಯೋರು ಒಬ್ರೂ ಬ್ಯಾಂಕಿನ ಕಡೆ ತಲೆ ಹಾಕ್ಲಿಲ್ಲ. ಸಹಿ ಯಾರು ಹಾಕ್ಬೇಕು?"

ಅಜ್ಜಿ ಒಳಗಿಂದ ಬಂದು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಗೋಡಂಬಿ ಯಾಕೆ ಬಿಟ್ರಿ?"

"ಹಾಂ? ಓ... ಹಲ್ಲು ನೋವು ಅಮ್ಮ."

"ಹಾಗಾದ್ರೆ ತಿಳಿಸ್ತೀನಿ ಅಂದಿದ್ದು?"

"ತಿಳಿಸಕ್ಕೇ ಅಲ್ವಾ ಬಂದಿರೋದು?"

ಸುನಂದತ್ತೆ ಬಾಗಿಲ ಹಿಂದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮರಿಸ್ವಾಮಿ, ಹೋಗಿ ಸಹಿ ಹಾಕು," ಎಂದಳು ಅಜ್ಜಿ ಅಪ್ಪನಿಗೆ. "ಲೆಕ್ಕ ಸುಟ್ಟುಹೋಗ್ಲಿ. ತಿಳಿಸ್ತೀನಿ ಅಂದು ತಿರುಗಿ ಬಂದ ಮೊದಲ ಮನುಷ್ಯ ಇವನು."

ಅಜ್ಜಿಯ ಲೆಕ್ಕ ಸುಡಲೂ ಇಲ್ಲ, ತಪ್ಪಲೂ ಇಲ್ಲ. ನನ್ನ ಅರ್ಧ ಸಂಬಳ ವರ್ಷಾನುಗಟ್ಟಲೆ ಬ್ಯಾಂಕಿಗೆ ಹೋಯಿತು. ಕಡೆಯ ಕಂತು ಕಟ್ಟುವ ದಿನ ಅಜ್ಜಿ ತಾನೂ ಬರುತ್ತೇನೆಂದು ಕೇಸರಿಬಾತಿನ ಡಬ್ಬಿ ಹಿಡಿದು ಹೊರಟಳು. ತಿಪ್ಪೇಶ್‌ಗೆ ಬೇರೆ ಊರಿಗೆ ವರ್ಗವಾಗಿತ್ತು. ಅವರ ಜಾಗದಲ್ಲಿ ನನಗಿಂತ ಚಿಕ್ಕ ಹುಡುಗಿಯೊಬ್ಬಳಿದ್ದಳು.

"ಕೂತ್ಕೊಳ್ಳಿ ಅಜ್ಜಿ," ಎಂದಳು.

ಅಜ್ಜಿ ನನ್ನ ಮುಖ ನೋಡಿದಳು. ಸೀರೆ ಸರಿಮಾಡಿಕೊಂಡು, ಕುರ್ಚಿಯ ಎರಡೂ ಕೈಗಳನ್ನು ಹಿಡಿದು, ನಿಧಾನವಾಗಿ ಕೂತಳು. ಆಮೇಲೆ ಮೇಜಿನ ಮೇಲೆ ಬಾಗಿ ಮೆಲ್ಲಗೆ ಕೇಳಿದಳು:

"ನಿನ್ನ ಸಾಲ ಇನ್ನೆಷ್ಟು ವರ್ಷ ಇದೆ ಮಗಳೇ?"

ಹುಡುಗಿ ಆಚೀಚೆ ನೋಡಿದಳು. ಅಜ್ಜಿ ಡಬ್ಬಿಯ ಮುಚ್ಚಳ ತೆಗೆದು ಅವಳ ಕಡೆ ಸರಿಸಿದಳು. ಹುಡುಗಿ ಎಲ್ಲಕ್ಕಿಂತ ಮೊದಲು ಮೇಲಿದ್ದ ಗೋಡಂಬಿಯನ್ನು ಎತ್ತಿ ಬಾಯಿಗೆ ಹಾಕಿಕೊಂಡಳು.