ಹನ್ನೊಂದು ಕರಡು

ಒದ್ದೆ ಹೊದಿಕೆಯ ಒಂದು ತುದಿ ಅಜ್ಜಿಯ ಕೈಯಲ್ಲಿತ್ತು, ಇನ್ನೊಂದು ಮೊಮ್ಮಗಳ ಕೈಯಲ್ಲಿ. ಅಜ್ಜಿ ಬಿಗಿಯಾಗಿ ತಿರುವುತ್ತಿದ್ದರು. ಮೊಮ್ಮಗಳು ಮಾತ್ರ ಕಿಟಕಿಯಲ್ಲಿಟ್ಟ ಫೋನನ್ನೇ ನೋಡುತ್ತ ತುದಿಯನ್ನು ಸುಮ್ಮನೆ ಹಿಡಿದು ನಿಂತಿದ್ದಳು. ನೀರೆಲ್ಲ ಅಜ್ಜಿಯ ಸೀರೆಗೆ ಇಳಿಯಿತು.

“ಹೊದಿಕೆ ಹಿಂಡೇ ಅಂದ್ರೆ ನನಗೇ ಸ್ನಾನ ಮಾಡಿಸ್ತಿದ್ದೀಯಲ್ಲ! ಏನಿದೆ ಆ ಫೋನಲ್ಲಿ?”

“ಏನೂ ಇಲ್ಲ ಅಜ್ಜಿ. ಅದೇ ಸಂಕಟ.”

ಮೊಮ್ಮಗಳು ಶಿಕ್ಷಕಿಯಾಗಲು ತರಬೇತಿ ಪಡೆಯುತ್ತಿದ್ದಳು. ವಾರದಲ್ಲಿ ಮೂರು ದಿನ ಕಾಲೇಜು, ಮೂರು ದಿನ ಹತ್ತಿರದ ಶಾಲೆಯಲ್ಲಿ ಎರಡನೇ ತರಗತಿಗೆ ಪಾಠ. ಮಕ್ಕಳು ಅವಳನ್ನು ‘ಪುಟ್ಟ ಮಿಸ್’ ಎಂದು ಕರೆಯುತ್ತಿದ್ದರು. ಎಲ್ಲರೂ ಒಂದೊಂದು ಬ್ಲಾಗು ತೆರೆಯಿರಿ, ವರ್ಷದ ಕೊನೆಗೆ ನೋಡುತ್ತೇವೆ ಎಂದು ಕಾಲೇಜಿನವರು ಹೇಳಿದ್ದರು. ಬ್ಲಾಗು ಎಂದರೆ ಇಂಟರ್ನೆಟ್ಟಿನಲ್ಲಿ ನಮ್ಮದೇ ಒಂದು ಬರಹದ ಪುಟ. ತರಗತಿಯಲ್ಲಿ ಕಂಡದ್ದನ್ನು ಅಲ್ಲಿ ಬರೆಯಬೇಕು, ಬೇರೆ ಶಿಕ್ಷಕರು ಬರೆದದ್ದನ್ನೂ ಓದಬೇಕು.

ಅಜ್ಜಿಗೆ ಇದು ಮೊದಲಿಂದಲೂ ಹಿಡಿಸಿರಲಿಲ್ಲ. “ಶಾಲೇಲಿ ಆಗೋದನ್ನೆಲ್ಲ ಊರಿಗೆ ಡಂಗುರ ಹೊಡೀತಾರೇನೇ?”

“ನನ್ನ ಡಂಗುರ ಒಬ್ಬಳಿಗೆ ಕೇಳಿದ್ರೆ ಸಾಕಿತ್ತು.”

ಆ ಒಬ್ಬಳು ಗುಂಗುರು. ಕೂದಲಿನಿಂದ ಬಂದ ಹೆಸರು. ಮೊದಲ ವರ್ಷ ಇಬ್ಬರಿಗೂ ಒಂದೇ ಬೆಂಚು, ಒಂದೇ ಬುತ್ತಿ. ತಂದೆಗೆ ವರ್ಗವಾಯಿತೆಂದು ಗುಂಗುರು ದೂರದ ಕಾಲೇಜಿಗೆ ಸೇರಿದಳು. ಹೊರಡುವ ದಿನ ಮಾತಾಗಿತ್ತು: ಫೋನಿನಲ್ಲಿ ‘ಊಟ ಆಯ್ತಾ? ಆಯ್ತು’ ಅನ್ನುವುದು ಬೇಡ, ಬ್ಲಾಗಿನಲ್ಲಿ ಮನಸ್ಸು ಬಿಚ್ಚಿ ಬರೆಯೋಣ.

ಪುಟ್ಟ ಮಿಸ್ ವಾರಕ್ಕೊಂದರಂತೆ ಹನ್ನೊಂದು ಬರೆದಳು. ಮೊದಲನೆಯದು ಗುಂಗುರುವಿಗೇ ಬರೆದ ಓಲೆ. ತರಗತಿಯಲ್ಲಿ ಒಂದು ಹುಡುಗಿ, ಓದು ಎಂದರೆ ಸಾಕು, ಬೆಂಚಿನ ಕೆಳಗೆ ನುಸುಳುತ್ತಾಳೆ. ಚಿಕ್ಕಂದಿನಲ್ಲಿ ಗುಂಗುರುವೂ ಹಾಗೇ ಮಾಡುತ್ತಿದ್ದಳಂತೆ. ‘ನಿನ್ನನ್ನು ಹೊರಗೆ ಕರೆದವರು ಯಾರು? ಏನು ಹೇಳಿ ಕರೆದರು?’ ಎಂದು ಕೇಳಿದ್ದಳು. ಉತ್ತರ ಬರಲೇ ಇಲ್ಲ.

“ಒಂದು ಸಾಲು ಬರೆದ್ರೆ ಅವಳ ಕೈ ಸವೆದು ಹೋಗುತ್ತಾ? ನಾಲ್ಕು ವಾರ ಅವಳ ಪುಟ ನೋಡಿದೆ, ಏನೂ ಇರಲಿಲ್ಲ, ಆಮೇಲೆ ಅದನ್ನೂ ಬಿಟ್ಟೆ. ಇವತ್ತು ನನ್ನದನ್ನೆಲ್ಲ ಅಳಿಸಿಬಿಡ್ತೀನಿ, ಅಷ್ಟೇ,” ಎಂದಳು. ಕಿಟಕಿಯಿಂದ ಫೋನು ಎತ್ತಿಕೊಂಡಳು.

“ಅಳಿಸೋಕೆ ಮೊದಲು ನನಗೊಮ್ಮೆ ತೋರಿಸು.”

ಅಜ್ಜಿ ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ಹಾಗಾಗಿ ಯಾವುದನ್ನೂ ಕಣ್ಣಾಡಿಸಿ ಬಿಡುವವರಲ್ಲ. ಔಷಧಿ ಬಾಟಲಿಯ ಚೀಟಿಯನ್ನೂ ಮೊದಲಿಂದ ಕೊನೆಯವರೆಗೆ ಓದಿಯೇ ಮುಚ್ಚಳ ತೆಗೆಯುವವರು. ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಸಾಲಿನ ಮೇಲೆ ಬೆರಳಿಟ್ಟರು.

“ಇದೇನೇ, ಒಂದೊಂದರ ಮುಂದೂ ಕರಡಿ ಅಂತಿದೆ? ಹನ್ನೊಂದು ಕರಡಿ ಸಾಕಿದ್ದೀಯಾ?”

“ಕರಡಿ ಅಲ್ಲ ಅಜ್ಜಿ, ಕರಡು.”

“ಕರಡು ಅಂದ್ರೆ ತಿದ್ದೋಕೆ ನಮ್ಮ ಹತ್ರಾನೇ ಇಟ್ಕೊಳ್ಳೋದು ಅಂತ ನಮ್ಮ ಮೇಷ್ಟ್ರು ಹೇಳ್ತಿದ್ರು. ಹಾಗಾದ್ರೆ ಇವು ನಿನ್ನ ಹತ್ರಾನೇ ಇವೆಯೇನೇ?”

ಪುಟ್ಟ ಮಿಸ್ ಮುಖ ಬಿಳಿಚಿಕೊಂಡಿತು. ಹಿಂಡಿದ ಹೊದಿಕೆಯನ್ನು ಬಕೆಟ್ಟಿನಲ್ಲೇ ಬಿಟ್ಟು ಇಬ್ಬರೂ ಬೀದಿಯ ಕೊನೆಯ ಗ್ರಂಥಾಲಯಕ್ಕೆ ನಡೆದರು. ಇಂಥದ್ದೆಲ್ಲ ಬಲ್ಲ ಅಲ್ಲಿನ ಗ್ರಂಥಪಾಲಕಿ ಅಕ್ಕ ಪುಸ್ತಕಗಳಿಗೆ ಚೀಟಿ ಅಂಟಿಸುತ್ತಿದ್ದವರು ಫೋನು ತೆಗೆದುಕೊಂಡು ನೋಡಿದರು.

“ಬರೆದಾದ ಮೇಲೆ ಏನು ಒತ್ತುತ್ತಿದ್ದೆ?”

“ಉಳಿಸು.”

“ಪಕ್ಕದಲ್ಲೇ ‘ಪ್ರಕಟಿಸು’ ಅಂತ ಇದೆಯಲ್ಲ?”

“ಅದು ದೊಡ್ಡ ಬರಹಗಾರರಿಗೆ ಅಂದ್ಕೊಂಡೆ ಅಕ್ಕಾ. ನಾನಿನ್ನೂ ಕಲಿಯೋಳು. ಉಳಿಸಿದ್ರೆ ಸಾಕು, ಗೆಳತಿಗೆ ಕಾಣುತ್ತೆ ಅಂತ...”

“ನನ್ನದೇ ತಪ್ಪು,” ಎಂದರು ಅಜ್ಜಿ. “ಹುಟ್ಟಿದಾಗಿಂದ ಉಳಿಸು, ಉಳಿಸು ಅಂತ ಹೇಳ್ಕೊಟ್ಟೋಳು ನಾನು.”

ಅಕ್ಕ ನಕ್ಕರು. “ಉಳಿಸಿದ್ದು ನಿನಗೆ ಮಾತ್ರ ಕಾಣುತ್ತೆ ಕಣೇ. ಪ್ರಕಟಿಸಿದ್ದು ಓದೋರಿಗೆ ಕಾಣುತ್ತೆ. ಈಗ ಗೆಳತಿ ಪುಟ ತೆಗಿ. ‘ಅನುಸರಿಸು’ ಅಂತಿದೆ ನೋಡು, ಒತ್ತು.”

“ಅನುಸರಿಸ್ಕೊಂಡು ಹೋಗು ಅಂತ ನನ್ನ ಮದುವೇಲೂ ಹೇಳಿದ್ರು. ನಲವತ್ತು ವರ್ಷ ಬಾಯಿ ಬಿಡೋಕಾಗ್ಲಿಲ್ಲ.”

“ಇದು ಆ ಅನುಸರಿಸೋದಲ್ಲ ಅಜ್ಜಿ. ಆ ಹುಡುಗಿ ಹೊಸದು ಬರೆದಾಗೆಲ್ಲ ಇವಳಿಗೆ ಸುದ್ದಿ ಬರುತ್ತೆ. ಓದಿ, ಕೆಳಗೆ ಉತ್ತರ ಬರೀಬಹುದು. ಇಲ್ಲಿ ಬಾಯಿ ಬಿಡಲೇಬೇಕು.”

ಪುಟ ತೆರೆಯಿತು. ಮೂರು ವಾರದ ಹಿಂದೆ ಗುಂಗುರು ಹೀಗೆ ಬರೆದಿದ್ದಳು:

‘ನನ್ನ ಬೆಂಚಿನವಳು ಬರೆಯುತ್ತೇನೆ ಎಂದಿದ್ದಳು. ಅವಳ ಪುಟ ಇನ್ನೂ ಖಾಲಿ. ದಿನವೂ ಕಾಲೇಜು ಬಿಟ್ಟ ಮೇಲೆ ಮೆಟ್ಟಿಲ ಮೇಲೆ ಕೂತು ತೆರೆದು ನೋಡುತ್ತೇನೆ. ಕೇಳಿದರೆ ಪೀಡಿಸಿದ ಹಾಗಾದೀತು ಎಂದು ಸುಮ್ಮನಿದ್ದೇನೆ. ಇಲ್ಲಿಯ ಬೆಂಚಿನಲ್ಲಿ ಅವಳ ಜಾಗವಾದ ಎಡಗಡೆ ಯಾರೂ ಕೂರದಂತೆ ಚೀಲ ಇಡುತ್ತೇನೆ. ಆ ಅಭ್ಯಾಸ ಹೋಗಿಲ್ಲ.’

ಪುಟ್ಟ ಮಿಸ್ ಎರಡು ಸಲ ಓದಿದಳು. ಮೂರನೆಯ ಸಲಕ್ಕೆ ಅಕ್ಷರ ಕಾಣಲಿಲ್ಲ. ಸೆರಗಿನಿಂದ ಕಣ್ಣೊರೆಸಿದವರು ಅಜ್ಜಿ. ತಮ್ಮ ಕಣ್ಣನ್ನೋ ಮೊಮ್ಮಗಳದನ್ನೋ, ಗ್ರಂಥಾಲಯದ ಅಕ್ಕ ನೋಡಲು ಹೋಗಲಿಲ್ಲ.

ಓಲೆಯನ್ನು ತೆರೆದು ಒತ್ತಲು ಹೊರಟ ಕೈಯನ್ನು ಅಕ್ಕ ತಡೆದರು. “ಸ್ವಲ್ಪ ತಡಿ. ಮಗುವಿನ ಹೆಸರು ಹಾಕಿದ್ದೀಯ, ಫೋಟೋನೂ ಹಾಕಿದ್ದೀಯ. ಎರಡನ್ನೂ ತೆಗಿ. ದೊಡ್ಡವಳಾಗಿ ಆ ಮಗು ಇದನ್ನ ಓದಿದ್ರೆ ತಲೆ ತಗ್ಗಿಸೋ ಹಾಗಾಗಬಾರದು.”

“ನಾನು ಹೆದರಿದ್ದು ಅದಕ್ಕೇ ಕಣಮ್ಮ,” ಎಂದರು ಅಜ್ಜಿ. “ಹೀಗೆ ನೋಡಿಕೊಂಡು ಬರೆದ್ರೆ ಬರೀಲಿ ಬಿಡು. ನಾನೇ ಕೂತು ಓದ್ತೀನಿ, ನಿಧಾನಕ್ಕೆ.”

ಪುಟ್ಟ ಮಿಸ್ ಫೋಟೋ ತೆಗೆದಳು. ಹೆಸರಿದ್ದಲ್ಲಿ ‘ಒಂದು ಮಗು’ ಎಂದು ತಿದ್ದಿದಳು. ಓಲೆಯ ಕೊನೆಗೆ ಒಂದು ಸಾಲು ಸೇರಿಸಿದಳು: ‘ಇದು ಹನ್ನೊಂದು ವಾರದಿಂದ ನನ್ನ ಹತ್ತಿರವೇ ಉಳಿದಿತ್ತು. ಚೀಲ ಅಲ್ಲೇ ಇರಲಿ.’

ಅವಳು ಬೆರಳು ಎತ್ತಿದ್ದಾಳೆ. ಅಷ್ಟರಲ್ಲಿ ಓದುತ್ತಿರುವ ನಿಮಗೊಂದು ಮಾತು. ನೀವು ಪಾಠ ಹೇಳುವವರಿರಲಿ, ಹೊಲಿಯುವವರಿರಲಿ, ನೀವು ಕಂಡದ್ದನ್ನು ಇನ್ನೊಬ್ಬರು ಎಲ್ಲೋ ಹುಡುಕುತ್ತಿರುತ್ತಾರೆ. ಬರೆಯಿರಿ. ಮಕ್ಕಳ ಹೆಸರು, ಮುಖ, ಮನೆಯ ಗುಟ್ಟು ಹಾಕಬೇಡಿ. ಬೇರೆಯವರದನ್ನೂ ಅನುಸರಿಸಿ, ಓದಿ ಸುಮ್ಮನಾಗದೆ ಎರಡು ಸಾಲು ಉತ್ತರ ಕೊಡಿ. ಯಾರಾದರೂ ಬರೆಯಲಿಲ್ಲವೆಂದು ಮುನಿಸಿಕೊಳ್ಳುವ ಮೊದಲು ನಿಮ್ಮ ಮಾತು ಅವರಿಗೆ ತಲುಪಿದೆಯೇ, ನೋಡಿಕೊಳ್ಳಿ.

“ಒತ್ತೇ ಮಗಳೇ,” ಎಂದರು ಅಜ್ಜಿ. “ಆ ಹುಡುಗಿ ಮೆಟ್ಟಿಲ ಮೇಲೆ ಕೂರೋ ಹೊತ್ತಾಯ್ತು.”

ಪುಟ್ಟ ಮಿಸ್ ‘ಪ್ರಕಟಿಸು’ ಒತ್ತಿದಳು. ಓಲೆ ಹೋಯಿತು.